ಕಟ್ಟಡಗಳ ಶಕ್ತಿ ಅನುಕರಣ ಮಾದರಿಗಳ ಅಂಶಾಂಕನ

ಕಟ್ಟಡವೊಂದರ ಶಕ್ತಿಬಳಕೆಯನ್ನು ಗಣಕದ ಮೂಲಕ ಲೆಕ್ಕಹಾಕುವ ಅನುಕರಣ ಮಾದರಿಯ ಫಲಿತಾಂಶವು, ಅದೇ ಕಟ್ಟಡದಲ್ಲಿ ಅಳೆದು ದೊರೆತ ವಿದ್ಯುತ್ತು, ಇಂಧನ, ಉಷ್ಣತೆ ಮೊದಲಾದವುಗಳ ದತ್ತಾಂಶಕ್ಕೆ ನಿಗದಿತ ಮಿತಿಯೊಳಗೆ ಹೊಂದಿಬರುವಂತೆ, ಮಾದರಿಯ ನಿಯತಾಂಕಗಳನ್ನು ಸಾಕ್ಷ್ಯದ ಆಧಾರದ ಮೇಲೆ ತಿದ್ದುವ ಕ್ರಮಬದ್ಧ ಕಾರ್ಯಕ್ಕೆ ಅಂಶಾಂಕನವೆಂದು ಹೆಸರು. ಎಂಜಿನಿಯರುಗಳ ನಿತ್ಯವ್ಯವಹಾರದಲ್ಲಿ ಇದು ಕ್ಯಾಲಿಬ್ರೇಷನ್ ಎಂದೇ ಬಳಕೆಯಲ್ಲಿದೆ. ಪ್ರಸ್ತುತ ಲೇಖನದಲ್ಲಿ ಮಾದರಿಯೆಂದರೆ ಗಣಿತಸಮೀಕರಣಗಳಿಂದ ಕೂಡಿದ ಪ್ರತಿರೂಪವೆಂದೂ, ಯೂನಿಟ್ ಎಂದರೆ ಒಂದು ಕಿಲೋವಾಟ್-ಗಂಟೆಯೆಂದೂ ಗ್ರಹಿಸತಕ್ಕದ್ದು.

ಅಂಶಾಂಕನವನ್ನು ಅದಕ್ಕೆ ಸಮೀಪದ ಇನ್ನೆರಡು ಕಾರ್ಯಗಳಿಂದ ಬೇರ್ಪಡಿಸಿ ನೋಡುವುದು ಅವಶ್ಯಕ. ಗಣಕದ ಕ್ರಮವಿಧಿಯು ತನ್ನ ಸಮೀಕರಣಗಳನ್ನು ತಪ್ಪಿಲ್ಲದೆ ಬಿಡಿಸುತ್ತದೆಯೇ ಎಂದು ನೋಡುವುದು ಪರಿಶೀಲನೆ. ಆ ಸಮೀಕರಣಗಳು ಭೌತಜಗತ್ತಿನ ವರ್ತನೆಯನ್ನು ಸಮರ್ಪಕವಾಗಿ ಪ್ರತಿನಿಧಿಸುತ್ತವೆಯೇ ಎಂದು ನೋಡುವುದು ಸಿಂಧುತ್ವಪರೀಕ್ಷೆ. ಇವೆರಡೂ ಕ್ರಮವಿಧಿಯನ್ನು ಕುರಿತವು. ಅಂಶಾಂಕನವಾದರೋ ಒಂದು ನಿರ್ದಿಷ್ಟ ಕಟ್ಟಡವನ್ನು, ಅದೂ ಒಂದು ನಿರ್ದಿಷ್ಟ ಅವಧಿಯಲ್ಲಿ ಅದರಲ್ಲಿ ನಡೆದ ಜನಜೀವನವನ್ನು ಕುರಿತದ್ದು. ನೂತನ ದೆಹಲಿಯ ಒಂದು ಕಚೇರಿಗೆ ಹೊಂದಿಸಿದ ಮಾದರಿ ಪಕ್ಕದ ರಸ್ತೆಯ, ಅದೇ ನಕ್ಷೆಯ, ಇನ್ನೊಂದು ಕಚೇರಿಗೆ ಹೊಂದಿಬಾರದಿರಬಹುದು.

ಮೂಲ ಮತ್ತು ಬೆಳವಣಿಗೆ

1973ರ ತೈಲ ಬಿಕ್ಕಟ್ಟಿನ ತರುವಾಯ ಪಾಶ್ಚಾತ್ಯ ದೇಶಗಳಲ್ಲಿ ಕಟ್ಟಡಗಳ ಇಂಧನವ್ಯಯವು ರಾಷ್ಟ್ರೀಯ ಚಿಂತೆಯ ವಿಷಯವಾದಾಗ, ಗೋಡೆ, ಗಾಜು, ಛಾವಣಿಗಳ ಮೂಲಕ ಹಾಯುವ ಶಾಖವನ್ನು ಗಂಟೆಗಂಟೆಯಾಗಿ ಲೆಕ್ಕಹಾಕುವ ಕ್ರಮವಿಧಿಗಳು ಸಿದ್ಧವಾದುವು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಟ್ರಾನ್ಸಿಸ್, ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾನಿಲಯದ ಇಎಸ್‌ಪಿ-ಆರ್, ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಡಿಒಇ-2 ಇವು ಆ ದಶಕದಲ್ಲಿ ಮೊದಲಾದ ಪ್ರಯತ್ನಗಳ ಫಲ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎನರ್ಜಿಪ್ಲಸ್ ಮೊದಲು ಬಿಡುಗಡೆಯಾದದ್ದು 2001ರಲ್ಲಿ.

ಮಾದರಿಗಳು ಬಂದ ಸ್ವಲ್ಪ ಕಾಲದಲ್ಲಿಯೇ, ಅವು ಮುನ್ನುಡಿದ ಬಳಕೆಗೂ ಬಿಲ್ಲಿನಲ್ಲಿ ಕಾಣಿಸಿದ ಬಳಕೆಗೂ ಇರುವ ಅಂತರವು ಎದ್ದು ತೋರಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 1986ರಲ್ಲಿ ವಿಸ್ತಾರವಾಗಿ ಪ್ರಕಟವಾದ ಪ್ರಿಸಂ ಎಂಬ ವಿಧಾನವು ಮನೆಗಳ ಇಂಧನ ಬಿಲ್ಲುಗಳನ್ನು ಹೊರಗಿನ ಉಷ್ಣತೆಗೆ ಹೊಂದಿಸಿ, ಹವೆಯಿಂದ ಬಂದ ಬಳಕೆಯನ್ನು ಹವೆಗೆ ಸಂಬಂಧಿಸದ ಬಳಕೆಯಿಂದ ಪ್ರತ್ಯೇಕಿಸುವ ದಾರಿಯನ್ನು ತೋರಿಸಿತು. ಬೇರೆಬೇರೆ ಕ್ರಮವಿಧಿಗಳನ್ನು ಒಂದೇ ಕಲ್ಪಿತ ಕಟ್ಟಡದ ಮೇಲೆ ಪ್ರಯೋಗಿಸಿ ಪರಸ್ಪರ ಹೋಲಿಸುವ ಬೆಸ್‌ಟೆಸ್ಟ್ ಎಂಬ ಪರೀಕ್ಷಾಕ್ರಮ 1995ರಲ್ಲಿ ಪ್ರಕಟವಾಯಿತು. ಆದರೆ ಹೊಂದಿಕೆ ಎಷ್ಟಿದ್ದರೆ ಸಾಕೆಂಬ ಪ್ರಶ್ನೆಗೆ ಸಾಂಸ್ಥಿಕವಾದ ಉತ್ತರ ದೊರೆತದ್ದು, ಶಾಖ, ಶೈತ್ಯ ಮತ್ತು ವಾಯುನಿಯಂತ್ರಣದ ಅಮೆರಿಕನ್ ಎಂಜಿನಿಯರುಗಳ ಸಂಘವಾದ ಆಶ್ರೇ 2002ರಲ್ಲಿ ಹೊರತಂದ 14ನೆಯ ಮಾರ್ಗಸೂಚಿಯಿಂದ. ಅದು 2014ರಲ್ಲಿಯೂ 2023ರಲ್ಲಿಯೂ ಪರಿಷ್ಕೃತವಾಗಿದೆ. ಇದಕ್ಕೆ ಸಮಾನಾಂತರವಾಗಿ, ಶಕ್ತಿಯ ಉಳಿತಾಯವನ್ನು ಅಳೆದು ದೃಢೀಕರಿಸುವ ಅಂತರರಾಷ್ಟ್ರೀಯ ನಿಯಮಾವಳಿಯೂ 1990ರ ದಶಕದ ಉತ್ತರಾರ್ಧದಿಂದ ಪ್ರಚಾರದಲ್ಲಿದ್ದು, ಅಂಶಾಂಕಿತ ಅನುಕರಣೆಯನ್ನು ತನ್ನ ನಾಲ್ಕು ಮಾರ್ಗಗಳಲ್ಲಿ ಒಂದೆಂದು ಅಂಗೀಕರಿಸಿದೆ.

ಭಾರತದಲ್ಲಿ ಈ ವಿದ್ಯೆಯ ಪೂರ್ವಪೀಠಿಕೆಯನ್ನು ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಸೋಢಾ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ನಡೆಸಿದ ಸೌರ-ಸಹಜ ಕಟ್ಟಡಗಳ ಉಷ್ಣಗಣಿತದ ಅಧ್ಯಯನಗಳಲ್ಲಿ ಕಾಣಬಹುದು. ಶಕ್ತಿಸಂರಕ್ಷಣಾ ಅಧಿನಿಯಮ 2001ರಲ್ಲಿ ಬಂದು, ಅದರ ಮೇರೆಗೆ 2002ರ ಮಾರ್ಚ್ 1ರಂದು ಶಕ್ತಿದಕ್ಷತಾ ಬ್ಯೂರೋ ನೂತನ ದೆಹಲಿಯಲ್ಲಿ ಸ್ಥಾಪಿತವಾಗಿ, 2007ರಲ್ಲಿ ಕಟ್ಟಡಗಳ ಶಕ್ತಿಸಂರಕ್ಷಣಾ ಸಂಹಿತೆ ಪ್ರಕಟವಾದ ಮೇಲೆ ಅನುಕರಣೆಯು ಸಂಶೋಧಕರ ಕೋಣೆಯಿಂದ ವಾಸ್ತುಶಿಲ್ಪಿಗಳ ಕಚೇರಿಗೆ ಇಳಿಯಿತು. ಈ ಸಂಹಿತೆ 2017ರಲ್ಲಿ ಪರಿಷ್ಕೃತವಾಯಿತು. ಅನುಕರಣೆ ಹೀಗೆ ವಿಧಿವಿಹಿತವಾದರೂ ಅಂಶಾಂಕನ ಅದರೊಡನೆ ಬರಲಿಲ್ಲ. ಏಕೆಂದರೆ ಸಂಹಿತೆಯು ಕೇಳುವುದು ಇನ್ನೂ ಕಟ್ಟದಿರುವ ಕಟ್ಟಡವನ್ನು ಒಂದು ಪ್ರಮಾಣ ಕಟ್ಟಡದೊಡನೆ ಹೋಲಿಸುವ ಲೆಕ್ಕವನ್ನು. ಅಲ್ಲಿ ಅಳೆಯಲು ಇನ್ನೂ ಏನೂ ಇರುವುದಿಲ್ಲ.

ಮಾದರಿಯ ರಚನೆ

ಶಕ್ತಿ ಅನುಕರಣ ಮಾದರಿಯೊಂದು ಹೊರಗಿನ ಹವೆ, ಕಟ್ಟಡದ ಹೊದಿಕೆ, ಒಳಗಿನ ಶಾಖಮೂಲಗಳು, ವಾಯುನಿಯಂತ್ರಣದ ಯಂತ್ರವ್ಯೂಹ, ಇವೆಲ್ಲ ಯಾವ ಹೊತ್ತಿನಲ್ಲಿ ಎಷ್ಟು ಪ್ರಮಾಣದಲ್ಲಿ ನಡೆಯುತ್ತವೆಂಬ ವೇಳಾಪಟ್ಟಿ, ಇಷ್ಟನ್ನು ಒಳಗೊಂಡಿರುತ್ತದೆ. ಪ್ರತಿಯೊಂದು ಕೋಣೆಗೂ ಅಥವಾ ಕೋಣೆಗಳ ಗುಂಪಿಗೂ ಶಾಖದ ಆಯವ್ಯಯವನ್ನು ಗಂಟೆಗೊಮ್ಮೆ ಅಥವಾ ಅದಕ್ಕೂ ಕಿರಿದಾದ ಅವಧಿಗೊಮ್ಮೆ ಬಿಡಿಸುತ್ತ, ವರ್ಷದ 8,760 ಗಂಟೆಗಳನ್ನೂ ಕ್ರಮವಾಗಿ ದಾಟುವುದು ಅದರ ಪದ್ಧತಿ.

ಈ ಅಂಗಗಳಲ್ಲಿ ಕೆಲವು ನಿಶ್ಚಿತ, ಕೆಲವು ಅನಿಶ್ಚಿತ. ಕಟ್ಟಡದ ಉದ್ದಗಲ, ದಿಕ್ಕು, ಕಿಟಕಿಯ ವಿಸ್ತೀರ್ಣ ಇವನ್ನು ನಕ್ಷೆಯಿಂದಲೋ ಸ್ಥಳದಲ್ಲಿಯೋ ಅಳೆದು ತಿಳಿಯಬಹುದು. ಇಟ್ಟಿಗೆಗೋಡೆಯ ಉಷ್ಣವಹನ, ಗಾಜಿನ ಸೌರಶಾಖ ಗುಣಾಂಕ ಇವುಗಳಿಗೆ ಪ್ರಯೋಗಾಲಯದ ಮೌಲ್ಯಗಳಿವೆ. ಆದರೆ ತೇವ, ಧೂಳು, ಕೆಲಸಗಾರಿಕೆಗಳಿಂದ ಅವು ವ್ಯತ್ಯಾಸ ಹೊಂದುವುದುಂಟು. ಬಾಗಿಲು ಕಿಟಕಿಗಳ ಸಂದಿನಿಂದ ಒಳನುಗ್ಗುವ ಗಾಳಿ, ಜನರ ನಿಜವಾದ ಹಾಜರಿ, ರಾತ್ರಿಯಲ್ಲಿಯೂ ಆರದ ಗಣಕಗಳು ಮತ್ತು ದೀಪಗಳು, ಥರ್ಮೋಸ್ಟ್ಯಾಟಿನಲ್ಲಿ ಇಟ್ಟ ಉಷ್ಣತೆ, ನೀರನ್ನು ತಣಿಸುವ ಯಂತ್ರವಾದ ಚಿಲ್ಲರು ಹಳತಾಗಿ ಕುಗ್ಗಿದ ಅದರ ದಕ್ಷತೆ ಇವು ಅತ್ಯಂತ ಅನಿಶ್ಚಿತ. ಫಲಿತಾಂಶವನ್ನು ಅತ್ಯಂತ ಪ್ರಬಲವಾಗಿ ಅಲುಗಿಸುವುವೂ ಇವೇ. ಮಾದರಿಗೂ ಬಿಲ್ಲಿಗೂ ಅಂತರ ಕಂಡಾಗ ಅನನುಭವಿಯಾದವನು ಮೊದಲು ಗೋಡೆಯನ್ನು ತಿದ್ದಲು ಹೊರಡುವನು. ತಿದ್ದಬೇಕಾದದ್ದು ಬಹುಮಟ್ಟಿಗೆ ವೇಳಾಪಟ್ಟಿಯಾಗಿರುತ್ತದೆ.

ಅಳತೆಯ ದತ್ತಾಂಶ

ಅಂಶಾಂಕನಕ್ಕೆ ಕನಿಷ್ಠಪಕ್ಷ ಒಂದು ಪೂರ್ಣ ವರ್ಷದ, ಅಂದರೆ ಹನ್ನೆರಡು ತಿಂಗಳ ಶಕ್ತಿಬಳಕೆಯ ದಾಖಲೆ ಬೇಕೆಂಬುದು ಸಾಮಾನ್ಯ ನಿಯಮ. ಈ ದಾಖಲೆಯ ಅತಿ ಸುಲಭವಾದ ರೂಪವೆಂದರೆ ವಿದ್ಯುತ್ ಬಿಲ್ಲು. ದೆಹಲಿ ರಾಜಧಾನಿ ಪ್ರದೇಶದ ಬಿಲ್ಲುಗಳನ್ನು ಇದಕ್ಕೆ ಬಳಸುವಾಗ ಹಲವು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕಾಗುತ್ತದೆ.

ಮೊದಲನೆಯದಾಗಿ, ದೆಹಲಿಯ ಕಚೇರಿ, ಅಂಗಡಿ, ಹೋಟೆಲು ಮೊದಲಾದ ಗೃಹೇತರ ಬಳಕೆದಾರರಿಗೆ ದರವನ್ನು ವಿಧಿಸುವುದು ಕಿಲೋವೋಲ್ಟ್-ಆಂಪಿಯರ್-ಗಂಟೆಗಳ ಲೆಕ್ಕದಲ್ಲಿ. ಮಾದರಿಯು ಕೊಡುವುದು ಕಿಲೋವಾಟ್-ಗಂಟೆಗಳನ್ನು. ಎರಡನೆಯದಕ್ಕೂ ಮೊದಲನೆಯದಕ್ಕೂ ಇರುವ ಅನುಪಾತವಾದ ಶಕ್ತಿಗುಣಕ ಒಂದಕ್ಕಿಂತ ಕಡಿಮೆಯಿದ್ದಲ್ಲಿ ಮೊದಲನೆಯ ಸಂಖ್ಯೆ ಎರಡನೆಯದಕ್ಕಿಂತ ಹೆಚ್ಚಾಗಿರುತ್ತದೆ. ಶಕ್ತಿಗುಣಕ 0.9 ಇರುವ ಕಟ್ಟಡದಲ್ಲಿ ಈ ಭೇದವನ್ನು ಮರೆತವನು ಅಳತೆಯನ್ನು ಶೇಕಡ 11ರಷ್ಟು ಹಿಗ್ಗಿಸಿಕೊಂಡು, ಇಲ್ಲದ ದೋಷವೊಂದನ್ನು ಮಾದರಿಯಲ್ಲಿ ಹುಡುಕುತ್ತ ಹೋಗುವ ಸಂಭವವುಂಟು. ಎರಡನೆಯದಾಗಿ, ಮೀಟರನ್ನು ಓದುವ ದಿನಾಂಕವು ಪಂಚಾಂಗದ ತಿಂಗಳಿನ ಮೊದಲ ದಿನವಾಗಿರಬೇಕೆಂದಿಲ್ಲ. ಏಪ್ರಿಲ್ ಬಿಲ್ಲೆಂಬುದರಲ್ಲಿ ಮಾರ್ಚಿನ ಹದಿನೆಂಟು ದಿನಗಳು ಸೇರಿದ್ದರೆ, ಹವೆ ದಿನದಿನಕ್ಕೂ ಏರುವ ಆ ಋತುವಿನಲ್ಲಿ ಹೋಲಿಕೆಯೇ ಕೆಡುತ್ತದೆ. ಆದುದರಿಂದ ಮಾದರಿಯ ಗಂಟೆವಾರು ಫಲವನ್ನು ಮೀಟರ್ ಓದಿದ ದಿನಾಂಕಗಳಿಗೆ ಸರಿಯಾಗಿ ಕೂಡಿಸಿಕೊಳ್ಳತಕ್ಕದ್ದು.

ಮೂರನೆಯ ಸಂಗತಿ ಡೀಸೆಲ್ ಜನರೇಟರುಗಳದು. ಗುರುಗ್ರಾಮ, ನೋಯಿಡಾ, ಗಾಜಿಯಾಬಾದುಗಳ ವಾಣಿಜ್ಯ ಕಟ್ಟಡಗಳಲ್ಲಿ ಸರಬರಾಜು ನಿಂತಾಗ ನಡೆಯುವ ಈ ಯಂತ್ರಗಳ ವಿದ್ಯುತ್ತು ವಿತರಣಾ ಕಂಪೆನಿಯ ಮೀಟರಿಗೆ ಕಾಣುವುದೇ ಇಲ್ಲ. ಪ್ರತ್ಯೇಕ ಮೀಟರಿಲ್ಲದಿದ್ದಲ್ಲಿ ಲಾಗ್‌ಬುಕ್ಕಿನಲ್ಲಿ ಬರೆದಿಟ್ಟ ಗಂಟೆಗಳಿಂದಲೋ, ಕೊಂಡ ಡೀಸೆಲ್ ಲೀಟರುಗಳಿಂದಲೋ, ಲೀಟರಿಗೆ ಸುಮಾರು 3ರಿಂದ 4 ಯೂನಿಟ್ ಎಂಬ ಅಂದಾಜಿನಿಂದ ಅದನ್ನು ಕಟ್ಟಿಕೊಳ್ಳಬೇಕಾಗುತ್ತದೆ. ವಾಯುಮಾಲಿನ್ಯ ತಡೆಯುವುದಕ್ಕಾಗಿ 2017ರಿಂದ ಜಾರಿಯಲ್ಲಿರುವ ಶ್ರೇಣೀಕೃತ ಪ್ರತಿಕ್ರಿಯಾ ಯೋಜನೆಯ ಪ್ರಕಾರ ಚಳಿಗಾಲದಲ್ಲಿ ಈ ಜನರೇಟರುಗಳ ಮೇಲೆ ನಿರ್ಬಂಧಗಳು ಬೀಳುವುದರಿಂದ, ಬೇಸಗೆಯ ಅನುಪಾತವನ್ನು ಚಳಿಗಾಲಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಛಾವಣಿಯ ಮೇಲಿನ ಸೌರಫಲಕಗಳ ವಿಷಯದಲ್ಲಿ ತೊಡಕು ಇದಕ್ಕೆ ವಿರುದ್ಧವಾದ ಬಗೆಯದು. ನೆಟ್ ಮೀಟರ್ ಇರುವೆಡೆ ಬಿಲ್ಲು ತೋರಿಸುವುದು ಬಳಕೆಯಿಂದ ಉತ್ಪಾದನೆಯನ್ನು ಕಳೆದ ಶೇಷವನ್ನು ಮಾತ್ರ.

ಬಿಲ್ಲಿಗಿಂತ ಸೂಕ್ಷ್ಮವಾದವು ಉಪಮೀಟರುಗಳ ದಾಖಲೆ, ಕಟ್ಟಡ ನಿರ್ವಹಣಾ ವ್ಯವಸ್ಥೆಯಲ್ಲಿ ಉಳಿದ ಗಂಟೆವಾರು ದಾಖಲೆ, ಕೋಣೆಗಳಲ್ಲಿ ಇಟ್ಟ ಉಷ್ಣತೆ ಮತ್ತು ಆರ್ದ್ರತೆಯ ಲಾಗರುಗಳು, ಒಂದೆರಡು ವಾರ ಮಾತ್ರ ನಡೆಸುವ ಅಲ್ಪಾವಧಿ ಅಳತೆಗಳು. ದೀಪ, ಗಣಕ, ಲಿಫ್ಟು, ಪಂಪು, ಚಿಲ್ಲರುಗಳ ಬಳಕೆ ಬೇರೆಬೇರೆಯಾಗಿ ತಿಳಿದಿದ್ದರೆ ಅಂಶಾಂಕನದ ಅರ್ಧ ಕಷ್ಟ ಪರಿಹಾರವಾದಂತೆಯೇ. ಇಲ್ಲದಿದ್ದಲ್ಲಿ ಋತುಗಳೇ ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಿಕೊಡುತ್ತವೆ. ದೆಹಲಿಯಲ್ಲಿ ನವೆಂಬರ್ ಮತ್ತು ಫೆಬ್ರವರಿಗಳಲ್ಲಿ ತಂಪುಗೊಳಿಸುವ ಅವಶ್ಯಕತೆಯೂ ಬಿಸಿಗೊಳಿಸುವ ಅವಶ್ಯಕತೆಯೂ ಅಲ್ಪವಾದುದರಿಂದ, ಆ ತಿಂಗಳುಗಳ ಬಳಕೆಯು ದೀಪ, ಉಪಕರಣಗಳ ಮೂಲಬಳಕೆಗೆ ಸಮೀಪವಾಗಿರುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಅದರ ಮೇಲೆ ಏರಿದ ಭಾಗವೆಲ್ಲ ಪ್ರಾಯಶಃ ವಾಯುನಿಯಂತ್ರಣದ್ದು. ಸಮಶೀತೋಷ್ಣ ವಲಯಕ್ಕೆ ಸೇರಿದ ಬೆಂಗಳೂರಿನಲ್ಲಿ ಋತುಗಳ ಏರಿಳಿತ ಇಷ್ಟು ಪ್ರಬಲವಲ್ಲದ ಕಾರಣ, ಕೇವಲ ಮಾಸಿಕ ಬಿಲ್ಲುಗಳಿಂದ ಮೂಲಬಳಕೆಯನ್ನೂ ತಂಪಿನ ಬಳಕೆಯನ್ನೂ ಬೇರ್ಪಡಿಸುವುದು ಅಲ್ಲಿ ಹೆಚ್ಚು ಕಠಿಣ. ಅಲ್ಲಿನ ಕಟ್ಟಡಗಳಿಗೆ ಉಪಮೀಟರು ಹೆಚ್ಚು ಅವಶ್ಯಕವೆನಿಸುತ್ತದೆ.

ಹವಾಮಾನದ ದತ್ತಾಂಶ

ವಿನ್ಯಾಸದ ಕಾಲದಲ್ಲಿ ಬಳಸುವ ಹವಾಮಾನ ಕಡತವು ಪ್ರಾತಿನಿಧಿಕ ವರ್ಷದ್ದು; ಅಂದರೆ ಅನೇಕ ವರ್ಷಗಳ ದಾಖಲೆಯಿಂದ ಜನವರಿಯನ್ನು ಒಂದು ವರ್ಷದಿಂದ, ಫೆಬ್ರವರಿಯನ್ನು ಇನ್ನೊಂದು ವರ್ಷದಿಂದ ಆಯ್ದು ಜೋಡಿಸಿದ, ಎಂದೂ ಸಂಭವಿಸದ ವರ್ಷ. ಭಾರತದ ನಗರಗಳಿಗೆ ಇಂಥ ಕಡತಗಳನ್ನು ಒದಗಿಸುವುದರಲ್ಲಿ 1981ರಲ್ಲಿ ನೂತನ ದೆಹಲಿಯಲ್ಲಿ ಸ್ಥಾಪಿತವಾದ ವಾಯುನಿಯಂತ್ರಣ ಎಂಜಿನಿಯರುಗಳ ಸಂಘವಾದ ಇಶ್ರೇ ಮುಖ್ಯ ಪಾತ್ರ ವಹಿಸಿದೆ. ವಿನ್ಯಾಸಗಳನ್ನು ಹೋಲಿಸುವುದಕ್ಕೆ ಇವು ಯೋಗ್ಯ. ಅಂಶಾಂಕನಕ್ಕೆ ಇವು ಸಲ್ಲವು. ಬಿಲ್ಲು ಯಾವ ವರ್ಷದ್ದೋ ಹವೆಯೂ ಅದೇ ವರ್ಷದ್ದಾಗಿರಬೇಕು.

ದೆಹಲಿಯು ರಾಷ್ಟ್ರೀಯ ಕಟ್ಟಡ ಸಂಹಿತೆಯ ಐದು ಹವಾವಲಯಗಳಲ್ಲಿ ಮಿಶ್ರ ವಲಯಕ್ಕೆ ಸೇರಿದ್ದು, ಒಂದೇ ವರ್ಷದಲ್ಲಿ ಮೂರು ಭಿನ್ನ ಪ್ರಕೃತಿಗಳನ್ನು ಕಾಣುತ್ತದೆ. ಏಪ್ರಿಲಿನಿಂದ ಜೂನ್ ಪರ್ಯಂತ ಲೂ ಎಂಬ ಒಣ ಬಿಸಿಗಾಳಿ ಬೀಸುವಾಗ ಕಟ್ಟಡದ ಹೊರೆ ಬಹುತೇಕ ಗಾಳಿಯ ಉಷ್ಣತೆಯನ್ನಷ್ಟೇ ಏರಿಸುವ ಸಂವೇದ್ಯ ಶಾಖದ್ದು. ಜುಲೈಯಿಂದ ಸೆಪ್ಟೆಂಬರ್ ಪರ್ಯಂತ ಉಷ್ಣತೆ ಇಳಿದರೂ ಆರ್ದ್ರತೆ ಏರಿ, ಗಾಳಿಯಿಂದ ನೀರನ್ನು ಹಿಂಡಿ ತೆಗೆಯುವ ಗುಪ್ತಶಾಖದ ಹೊರೆ ಹೆಚ್ಚುತ್ತದೆ. ಡಿಸೆಂಬರ್, ಜನವರಿಗಳಲ್ಲಿ ದಟ್ಟ ಮಂಜು ಮತ್ತು ಹೊಗೆ ಸೌರವಿಕಿರಣವನ್ನು ತಡೆಯುತ್ತವೆ. ಇದರ ಪರಿಣಾಮವಾಗಿ, ಮೇ ತಿಂಗಳಿಗೆ ಚೆನ್ನಾಗಿ ಹೊಂದಿದ ಮಾದರಿ ಆಗಸ್ಟಿನಲ್ಲಿ ಹಿಂದೆ ಬೀಳುವುದು ಈ ಪ್ರದೇಶದಲ್ಲಿ ಅಪರೂಪವಲ್ಲ. ಅಂಥಲ್ಲಿ ಒಳಬರುವ ಹೊರಗಾಳಿಯ ಪ್ರಮಾಣವನ್ನೂ ಶೀತಲಸುರುಳಿಯ ಆರ್ದ್ರತಾಹರಣವನ್ನೂ ಪುನಃ ನೋಡಬೇಕಾಗುತ್ತದೆ.

ಹವೆಯನ್ನು ಎಲ್ಲಿ ಅಳೆದರೆಂಬುದೂ ಮುಖ್ಯವೇ. ಸಫ್ದರ್‌ಜಂಗ್ ವೀಕ್ಷಣಾಲಯದ ದಾಖಲೆ ದೀರ್ಘವೂ ವಿಶ್ವಾಸಾರ್ಹವೂ ಆದದ್ದು. ಆದರೆ ಗಾಜು ಕಾಂಕ್ರೀಟುಗಳಿಂದ ತುಂಬಿದ ಗುರುಗ್ರಾಮದ ಬೀದಿಯ ರಾತ್ರಿಯ ಉಷ್ಣತೆಗೂ ಅದಕ್ಕೂ ಭೇದವಿರಬಹುದು. ಸ್ವಯಂಚಾಲಿತ ಕೇಂದ್ರಗಳು ಹತ್ತಿರದಲ್ಲಿದ್ದರೂ ಅವುಗಳ ಉಪಕರಣವೇ ತಪ್ಪಿದ್ದರೆ ಗತಿಯೇನೆಂಬುದಕ್ಕೆ ಈಚಿನ ಪ್ರಸಿದ್ಧ ನಿದರ್ಶನ ದೆಹಲಿಯ ಮುಂಗೇಶ್‌ಪುರದ್ದು: 2024ರ ಮೇ 29ರಂದು ಅಲ್ಲಿನ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ಸೆಲ್ಸಿಯಸ್ ಎಂದು ವರದಿಮಾಡಿ ದೇಶವೆಲ್ಲ ಬೆರಗಾಗಲು, ಭಾರತೀಯ ಹವಾಮಾನ ಇಲಾಖೆ ಪರೀಕ್ಷಿಸಿ, ಆ ಸಂವೇದಕವು ಪ್ರಮಾಣ ಉಪಕರಣಕ್ಕಿಂತ ಸುಮಾರು 3 ಡಿಗ್ರಿ ಅಧಿಕ ತೋರಿಸುತ್ತಿತ್ತೆಂದು ತಿಳಿಸಿತು. ಮಾದರಿಯ ಅಂಶಾಂಕನಕ್ಕೆ ಮುಂಚೆ ಅಳೆಯುವ ಉಪಕರಣದ ಅಂಶಾಂಕನ ನಡೆದಿರಬೇಕೆಂಬುದು ಇದರಿಂದ ಸ್ಪಷ್ಟ.

ದೋಷದ ಮಾನಗಳು

ಮಾದರಿಯ ಫಲಕ್ಕೂ ಅಳತೆಗೂ ಇರುವ ಅಂತರವನ್ನು ಮುಖ್ಯವಾಗಿ ಎರಡು ಸಂಖ್ಯೆಗಳಿಂದ ಸೂಚಿಸುತ್ತಾರೆ. ಪ್ರತಿಯೊಂದು ಕಾಲಾಂಶದಲ್ಲಿಯೂ ಅಳತೆಯಿಂದ ಮಾದರಿಯ ಫಲವನ್ನು ಕಳೆದು, ಆ ಅಂತರಗಳನ್ನು ಚಿಹ್ನೆಸಹಿತವಾಗಿ ಕೂಡಿ, ಕಾಲಾಂಶಗಳ ಸಂಖ್ಯೆಯಿಂದಲೂ ಅಳತೆಯ ಸರಾಸರಿಯಿಂದಲೂ ಭಾಗಿಸಿದರೆ ದೊರೆಯುವುದು ಸರಾಸರಿ ವಾಲುದೋಷ. ಅಂತರಗಳ ವರ್ಗಗಳನ್ನು ಕೂಡಿ, ಅದರ ಸರಾಸರಿಯ ವರ್ಗಮೂಲವನ್ನು ಅಳತೆಯ ಸರಾಸರಿಯಿಂದ ಭಾಗಿಸಿದರೆ ದೊರೆಯುವುದು ವರ್ಗಮೂಲ ದೋಷದ ವಿಚಲನ ಗುಣಾಂಕ. ಇಲ್ಲಿ ಇದನ್ನು ಸಂಕ್ಷೇಪವಾಗಿ ವಿಚಲನ ಗುಣಾಂಕವೆಂದು ಕರೆಯಲಾಗುವುದು. ಆಶ್ರೇಯ ರೂಢಿಯಂತೆ ಎರಡರಲ್ಲಿಯೂ ಕಾಲಾಂಶಗಳ ಸಂಖ್ಯೆಯಿಂದ ಒಂದನ್ನು ಕಳೆದು ಭಾಗಿಸುವುದು ವಾಡಿಕೆ.

14ನೆಯ ಮಾರ್ಗಸೂಚಿಯ ಪ್ರಕಾರ ಮಾಸಿಕ ದತ್ತಾಂಶಕ್ಕೆ ವಾಲುದೋಷವು ಶೇಕಡ 5ನ್ನೂ ವಿಚಲನ ಗುಣಾಂಕವು ಶೇಕಡ 15ನ್ನೂ ಮೀರಕೂಡದು. ಗಂಟೆವಾರು ದತ್ತಾಂಶಕ್ಕೆ ಈ ಮಿತಿಗಳು ಅನುಕ್ರಮವಾಗಿ ಶೇಕಡ 10 ಮತ್ತು ಶೇಕಡ 30. ವಾಲುದೋಷದ ಮಿತಿ ಅಧಿಕ, ನ್ಯೂನ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ.

ಎರಡು ಸಂಖ್ಯೆಗಳೂ ಏಕೆ ಬೇಕೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಕಚೇರಿಯ ಅಳತೆಯು ಮಾರ್ಚಿನಲ್ಲಿ 80,000, ಏಪ್ರಿಲಿನಲ್ಲಿ 1,20,000, ಮೇಯಲ್ಲಿ 1,60,000 ಯೂನಿಟ್ ಇದ್ದು, ಮಾದರಿಯು ಅದೇ ತಿಂಗಳುಗಳಿಗೆ 1,04,000, 1,20,000, 1,36,000 ಯೂನಿಟ್ ಕೊಟ್ಟಿತೆನ್ನೋಣ. ಮೂರು ತಿಂಗಳ ಮೊತ್ತ ಎರಡೂ ಕಡೆ 3,60,000. ಆದುದರಿಂದ ವಾಲುದೋಷ ಸೊನ್ನೆ. ಅಷ್ಟರಿಂದಲೇ ತೃಪ್ತನಾದವನಿಗೆ ಮಾದರಿ ನಿರ್ದುಷ್ಟವಾಗಿ ತೋರುತ್ತದೆ. ವಿಚಲನ ಗುಣಾಂಕವನ್ನು ಲೆಕ್ಕಹಾಕಿದರಾದರೋ ಅದು ಶೇಕಡ 20 ಆಗಿ ಮಿತಿಯನ್ನು ಮೀರುತ್ತದೆ. ಅಂತರಗಳ ಆಕಾರವೂ ರೋಗವನ್ನು ಸೂಚಿಸುತ್ತದೆ: ತಂಪಾದ ತಿಂಗಳಲ್ಲಿ ಮಾದರಿ ಅಧಿಕ, ಬಿಸಿಯ ತಿಂಗಳಲ್ಲಿ ನ್ಯೂನ, ಎಂದರೆ ದೀಪ, ಉಪಕರಣಗಳ ಮೂಲಬಳಕೆಯನ್ನು ಹೆಚ್ಚಾಗಿಯೂ, ಹವೆಯನ್ನು ಅನುಸರಿಸುವ ತಂಪಿನ ಬಳಕೆಯನ್ನು ಕಡಿಮೆಯಾಗಿಯೂ ಎಣಿಸಲಾಗಿದೆ. ಉಳಿಕೆ ಅಂತರಗಳನ್ನು ಹೊರಗಿನ ಉಷ್ಣತೆಗೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿ, ಆ ರೇಖೆಯ ಆಕಾರದಿಂದಲೇ ತಪ್ಪಿದ ನಿಯತಾಂಕವನ್ನು ಊಹಿಸುವ ಪದ್ಧತಿಯು ಅಂಶಾಂಕನ ಮುದ್ರೆಯ ವಿಧಾನವೆಂದು ಪ್ರಸಿದ್ಧವಾಗಿದೆ.

ವಿಧಾನಗಳು

ಅಂಶಾಂಕನದ ವಿಧಾನಗಳನ್ನು ಹಸ್ತಕ್ರಮ, ಸ್ವಯಂಚಾಲಿತ ಕ್ರಮ, ಸಂಭಾವ್ಯತಾ ಕ್ರಮ ಎಂದು ಸ್ಥೂಲವಾಗಿ ವಿಂಗಡಿಸಬಹುದು.

ಹಸ್ತಕ್ರಮದಲ್ಲಿ ಅನುಭವಿಯಾದ ಎಂಜಿನಿಯರು ಕಟ್ಟಡವನ್ನು ಸುತ್ತಿ, ನಿರ್ವಹಣಾ ಸಿಬ್ಬಂದಿಯನ್ನು ವಿಚಾರಿಸಿ, ರಾತ್ರಿಯಲ್ಲಿಯೂ ರಜಾದಿನದಲ್ಲಿಯೂ ಮೀಟರನ್ನು ನೋಡಿ, ಒಂದೊಂದೇ ನಿಯತಾಂಕವನ್ನು ಸಾಕ್ಷ್ಯಾನುಸಾರವಾಗಿ ಬದಲಿಸುತ್ತ ಹೋಗುತ್ತಾನೆ. ಇಲ್ಲಿ ಶಿಸ್ತಿನ ಪ್ರಧಾನ ನಿಯಮವೆಂದರೆ ಪ್ರತಿಯೊಂದು ಬದಲಾವಣೆಗೂ ಆಧಾರವನ್ನು ದಾಖಲಿಸಿಡುವುದು, ಮತ್ತು ಆಧಾರಗಳಲ್ಲಿ ತರತಮವನ್ನು ಪಾಲಿಸುವುದು: ಸ್ಥಳದಲ್ಲಿ ಅಳೆದದ್ದು ಮೊದಲು, ಪ್ರತ್ಯಕ್ಷ ಕಂಡದ್ದು ತರುವಾಯ, ಕಡತದಲ್ಲಿ ಬರೆದದ್ದು ಅದರ ತರುವಾಯ, ಗ್ರಂಥಗಳಲ್ಲಿನ ಸಾಮಾನ್ಯ ಮೌಲ್ಯ ಕಡೆಯಲ್ಲಿ. ದೆಹಲಿ ಪ್ರದೇಶದಲ್ಲಿ ಇಂಥ ಸಂದರ್ಶನವು ಮಾತ್ರವೇ ಬಯಲುಮಾಡಬಲ್ಲ ಸಂಗತಿಗಳು ಹಲವು. ನವೆಂಬರಿನ ಮಾಲಿನ್ಯದ ದಿನಗಳಲ್ಲಿ ಹೊರಗಾಳಿಯ ಕವಾಟಗಳನ್ನು ಮುಚ್ಚುವುದುಂಟು. ಸೂಕ್ಷ್ಮಕಣಗಳನ್ನು ತಡೆಯಲು ದಟ್ಟವಾದ ಸೋಸುಕಗಳನ್ನು ಹಾಕಿದಲ್ಲಿ ಫ್ಯಾನುಗಳ ಮೇಲಿನ ಒತ್ತಡ ಹೆಚ್ಚಿ ವಿದ್ಯುತ್ತೂ ಹೆಚ್ಚುತ್ತದೆ. ಕೇಂದ್ರೀಯ ವಾಯುನಿಯಂತ್ರಣವಿದ್ದರೂ ಕೆಲವು ಕೋಣೆಗಳಲ್ಲಿ ಪ್ರತ್ಯೇಕ ಸ್ಪ್ಲಿಟ್ ಯಂತ್ರಗಳು ಬಂದು ಸೇರಿರುತ್ತವೆ. ನಕ್ಷೆಗಳಲ್ಲಿ ಇವು ಯಾವುವೂ ಇರುವುದಿಲ್ಲ.

ಸ್ವಯಂಚಾಲಿತ ಕ್ರಮದಲ್ಲಿ ಮೊದಲು ಸಂವೇದಿತ್ವ ವಿಶ್ಲೇಷಣೆಯಿಂದ, ಫಲಿತಾಂಶವನ್ನು ಹೆಚ್ಚಾಗಿ ಅಲುಗಿಸುವ ಕೆಲವೇ ನಿಯತಾಂಕಗಳನ್ನು ಆಯ್ದುಕೊಳ್ಳುತ್ತಾರೆ; 1991ರಲ್ಲಿ ಪ್ರಕಟವಾದ ಮಾರಿಸ್ ವಿಧಾನ ಇದಕ್ಕೆ ಬಹುವಾಗಿ ಬಳಕೆಯಾಗುತ್ತದೆ. ತರುವಾಯ ದೋಷದ ಮಾನವನ್ನು ಕನಿಷ್ಠಗೊಳಿಸುವ ನಿಯತಾಂಕ ಸಮೂಹವನ್ನು ಗಣಕವು ಸಾವಿರಾರು ಸಲ ಮಾದರಿಯನ್ನು ಓಡಿಸಿ ಹುಡುಕುತ್ತದೆ. ವೇಗವಾದರೂ ಈ ಕ್ರಮಕ್ಕೆ ವಿವೇಕವಿಲ್ಲ. ಮಿತಿಗಳನ್ನು ಸರಿಯಾಗಿ ಹಾಕದಿದ್ದರೆ ಭೌತಿಕವಾಗಿ ಅಸಂಭವವಾದ ಮೌಲ್ಯಗಳಿಂದಲೂ ಅದು ಸುಂದರವಾದ ಹೊಂದಿಕೆಯನ್ನು ತಂದುಕೊಡುತ್ತದೆ.

ಸಂಭಾವ್ಯತಾ ಕ್ರಮವು ನಿಯತಾಂಕವನ್ನು ಒಂದು ಸಂಖ್ಯೆಯಾಗಿ ಕಾಣದೆ ಸಂಭಾವ್ಯತಾ ವಿತರಣೆಯಾಗಿ ಕಾಣುತ್ತದೆ. ಅಳತೆಗೆ ಮುಂಚಿನ ತಿಳಿವಳಿಕೆಯನ್ನು ಪೂರ್ವವಿತರಣೆಯಾಗಿ ಬರೆದು, ಬೇಯ್ಸ್ ಪ್ರಮೇಯದ ಮೂಲಕ ಅಳತೆಯಿಂದ ಅದನ್ನು ಪರಿಷ್ಕರಿಸಿ ಉತ್ತರವಿತರಣೆಯನ್ನು ಪಡೆಯುವುದು ಇದರ ತಿರುಳು. ಕೆನಡಿ ಮತ್ತು ಒಹೇಗನ್ 2001ರಲ್ಲಿ ಗಣಕಮಾದರಿಗಳಿಗೆ ಸಾಮಾನ್ಯವಾಗಿ ರೂಪಿಸಿದ ಈ ಚೌಕಟ್ಟನ್ನು ಯೋನ್ಸೂಕ್ ಹಿಯೋ, ರುಚಿ ಚೌಧರಿ, ಗಾಡ್‌ಫ್ರೀಡ್ ಔಗೆನ್‌ಬ್ರೋ 2012ರಲ್ಲಿ ಕಟ್ಟಡಗಳ ಪುನಸ್ಸಜ್ಜಿಕೆಗೆ ಅನ್ವಯಿಸಿದರು. ಮಾದರಿಯು ಎಷ್ಟರಮಟ್ಟಿಗೆ ತಿಳಿದಿದೆ, ಎಷ್ಟರಮಟ್ಟಿಗೆ ತಿಳಿದಿಲ್ಲ ಎಂಬುದನ್ನು ಫಲಿತಾಂಶದೊಡನೆಯೇ ಹೇಳುವುದು ಇದರ ಹಿರಿಮೆ.

ಅನನ್ಯತೆಯ ಸಮಸ್ಯೆ

ಮಾದರಿಯೊಂದರಲ್ಲಿ ನೂರಾರು ನಿಯತಾಂಕಗಳಿರುತ್ತವೆ. ಹೋಲಿಕೆಗೆ ಇರುವುದು ಹನ್ನೆರಡು ಮಾಸಿಕ ಸಂಖ್ಯೆಗಳು. ಆದುದರಿಂದ ಸಮಸ್ಯೆಗೆ ಅನನ್ಯ ಪರಿಹಾರವಿಲ್ಲ. ಪರಸ್ಪರ ಭಿನ್ನವಾದ ಅನೇಕ ನಿಯತಾಂಕ ಸಮೂಹಗಳು ಒಂದೇ ಬಿಲ್ಲನ್ನು ಸಮಾನವಾಗಿ ಚೆನ್ನಾಗಿ ಪುನರುತ್ಪಾದಿಸಬಲ್ಲವು. ಸಂದುಗಾಳಿಯನ್ನು ಹೆಚ್ಚಿಸಿದರೂ, ಥರ್ಮೋಸ್ಟ್ಯಾಟಿನ ಉಷ್ಣತೆಯನ್ನು ಒಂದು ಡಿಗ್ರಿ ಇಳಿಸಿದರೂ, ಚಿಲ್ಲರಿನ ದಕ್ಷತೆಯನ್ನು ಕುಗ್ಗಿಸಿದರೂ ಮೇ ತಿಂಗಳ ಬಳಕೆ ಏರುತ್ತದೆ. ಬಿಲ್ಲಿಗೆ ಕಾಣುವುದು ಏರಿಕೆಯೇ ಹೊರತು ಕಾರಣವಲ್ಲ.

ಈ ಅಸ್ಪಷ್ಟತೆ ಕೇವಲ ಗಣಿತದ ತೊಡಕಲ್ಲ, ಹಣದ ಪ್ರಶ್ನೆಯೂ ಹೌದು. ಒಂದೇ ಬಿಲ್ಲಿಗೆ ಹೊಂದಿದ ಎರಡು ಮಾದರಿಗಳಲ್ಲಿ ಒಂದು ತಪ್ಪನ್ನು ಚಿಲ್ಲರಿನ ಮೇಲೂ ಇನ್ನೊಂದು ಗಾಳಿಯ ಸೋರಿಕೆಯ ಮೇಲೂ ಹೊರಿಸಿದ್ದರೆ, ಹೊಸ ಚಿಲ್ಲರಿನಿಂದ ಬರುವ ಉಳಿತಾಯವನ್ನು ಅವು ಬೇರೆಬೇರೆಯಾಗಿ ಮುನ್ನುಡಿಯುತ್ತವೆ. ಮಾರ್ಗಸೂಚಿಯ ಮಿತಿಯೊಳಗೆ ಎರಡೂ ಉತ್ತೀರ್ಣವಾಗಿರುತ್ತವೆ. ಆದಕಾರಣ ಮಿತಿಯೊಳಗೆ ಬಂದಿತೆಂಬುದು ಅಂಶಾಂಕನಕ್ಕೆ ಅವಶ್ಯವಾದ ಲಕ್ಷಣವೇ ಹೊರತು ಪರ್ಯಾಪ್ತವಾದ ಲಕ್ಷಣವಲ್ಲ. ಶಕ್ತಿಯೊಡನೆ ಒಳಗಿನ ಉಷ್ಣತೆಯನ್ನೂ ಹೊಂದಿಸುವುದು, ಚಿಲ್ಲರಿನ ವಿದ್ಯುತ್ತನ್ನು ಪ್ರತ್ಯೇಕವಾಗಿ ಅಳೆಯುವುದು, ಒಂದು ವರ್ಷದ ದತ್ತಾಂಶದಿಂದ ಹೊಂದಿಸಿ ಇನ್ನೊಂದು ವರ್ಷದ ದತ್ತಾಂಶದಿಂದ ಪರೀಕ್ಷಿಸುವುದು, ಒಂದೇ ಮಾದರಿಯ ಬದಲು ಸಮಾನವಾಗಿ ಹೊಂದುವ ಹಲವು ಮಾದರಿಗಳನ್ನು ಉಳಿಸಿಕೊಂಡು ಎಲ್ಲದರ ಮುನ್ಸೂಚನೆಯನ್ನೂ ಮುಂದಿಡುವುದು, ಇವು ಅಸ್ಪಷ್ಟತೆಯನ್ನು ಕಡಿಮೆಮಾಡುವ ಉಪಾಯಗಳು.

ಉಪಯೋಗಗಳು

ಅಂಶಾಂಕಿತ ಮಾದರಿಯ ಪ್ರಧಾನ ಉಪಯೋಗ, ಇರುವ ಕಟ್ಟಡದಲ್ಲಿ ಕೈಗೊಳ್ಳಬಹುದಾದ ಸುಧಾರಣೆಗಳ ಫಲವನ್ನು ಮುಂಚಿತವಾಗಿ ಅಂದಾಜಿಸುವುದು. ಗಾಜಿಗೆ ಪದರ ಹಚ್ಚಿದರೆ, ಛಾವಣಿಗೆ ಬಿಳಿಯ ಪ್ರತಿಫಲಕ ಲೇಪವಿತ್ತರೆ, ಥರ್ಮೋಸ್ಟ್ಯಾಟನ್ನು ಎರಡು ಡಿಗ್ರಿ ಏರಿಸಿದರೆ ಎಷ್ಟು ಯೂನಿಟ್ ಉಳಿಯುವುದೆಂಬುದಕ್ಕೆ ಅದು ಉತ್ತರ ಕೊಡುತ್ತದೆ. ಉಳಿತಾಯದಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಕೆಲಸಮಾಡುವ ಶಕ್ತಿಸೇವಾ ಸಂಸ್ಥೆಗಳಿಗೆ, ಸುಧಾರಣೆ ನಡೆಯದಿದ್ದರೆ ಬಳಕೆ ಎಷ್ಟಾಗುತ್ತಿತ್ತೆಂಬ ಆಧಾರರೇಖೆಯನ್ನೂ ಇದೇ ಒದಗಿಸುತ್ತದೆ. ಯಂತ್ರವ್ಯೂಹದಲ್ಲಿ ದೋಷ ಹುಟ್ಟಿದಾಗ ಅಳತೆಯು ಮಾದರಿಯಿಂದ ದೂರ ಸರಿಯುವುದನ್ನು ಗಮನಿಸಿ ಅದನ್ನು ಪತ್ತೆಹಚ್ಚುವುದು ಇನ್ನೊಂದು ಉಪಯೋಗ.

ಶಕ್ತಿದಕ್ಷತಾ ಬ್ಯೂರೋ 2009ರಲ್ಲಿ ಕಚೇರಿ ಕಟ್ಟಡಗಳಿಗೆ ತಂದ ನಕ್ಷತ್ರ ಶ್ರೇಣಿಯು ಅನುಕರಣೆಯನ್ನಲ್ಲ, ವಾಸ್ತವವಾದ ವಾರ್ಷಿಕ ಬಳಕೆಯನ್ನು ಆಧರಿಸಿದ್ದು. ಮಿಶ್ರ ವಲಯದಲ್ಲಿ, ಅರ್ಧಕ್ಕಿಂತ ಹೆಚ್ಚು ಭಾಗ ವಾಯುನಿಯಂತ್ರಿತವಾದ ಕಚೇರಿಗೆ ಚದರ ಮೀಟರಿಗೆ ವಾರ್ಷಿಕ 190 ಯೂನಿಟ್‌ನಿಂದ ಮೊದಲ ನಕ್ಷತ್ರ ಆರಂಭವಾಗಿ, 90ಕ್ಕಿಂತ ಕೆಳಗಿದ್ದರೆ ಐದು ನಕ್ಷತ್ರಗಳು ದೊರೆಯುತ್ತವೆ. ಒಂದು ಕಟ್ಟಡವು ಮೇಲಿನ ಶ್ರೇಣಿಗೆ ಏರಲು ಏನು ಮಾಡಬೇಕೆಂಬುದನ್ನು ಬಿಲ್ಲು ಹೇಳಲಾರದು. ಅದನ್ನು ಹೇಳುವುದು ಆ ಬಿಲ್ಲಿಗೆ ಹೊಂದಿಸಿದ ಮಾದರಿ.

ರಾಜಧಾನಿ ಪ್ರದೇಶದ ವಿಶಿಷ್ಟ ಕಟ್ಟಡಗಳು

ದೆಹಲಿ ಪ್ರದೇಶದ ಎರಡು ಪ್ರಸಿದ್ಧ ಕಟ್ಟಡಗಳು, ಈ ವಿದ್ಯೆಗೆ ಸಾಮಾನ್ಯ ಕಚೇರಿಗಳು ಒಡ್ಡದ ಪ್ರಶ್ನೆಗಳನ್ನು ಒಡ್ಡುತ್ತವೆ. ಗುರುಗ್ರಾಮದ ಹೊರವಲಯದ ಗ್ವಾಲ್ ಪಹಾಡಿಯಲ್ಲಿ ಶಕ್ತಿ ಸಂಶೋಧನಾ ಸಂಸ್ಥೆಯಾದ ಟೆರಿಯು 2000ದ ಸುಮಾರಿಗೆ ಕಟ್ಟಿಸಿದ ರಿಟ್ರೀಟ್ ಎಂಬ ತರಬೇತಿ ನಿಲಯದಲ್ಲಿ ಕೋಣೆಗಳಿಗೆ ಒದಗುವ ಗಾಳಿಯು ಸುಮಾರು 4 ಮೀಟರ್ ಆಳದಲ್ಲಿ ಹೂತ ಸುರಂಗಗಳ ಮೂಲಕ ಹಾದುಬರುತ್ತದೆ. ಆ ಆಳದಲ್ಲಿ ಮಣ್ಣಿನ ಉಷ್ಣತೆ ವರ್ಷವಿಡೀ ಸುಮಾರು 26 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವುದರಿಂದ ಬೇಸಗೆಯಲ್ಲಿ ಗಾಳಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಬರುತ್ತದೆ. ಇಂಥ ಕಟ್ಟಡದ ವಿದ್ಯುತ್ತಿಗೆ ಮಾತ್ರ ಮಾದರಿಯನ್ನು ಹೊಂದಿಸುವುದು ಬಹುಮಟ್ಟಿಗೆ ನಿರರ್ಥಕ. ಏಕೆಂದರೆ ತಂಪನ್ನು ಒದಗಿಸುವುದು ಮಣ್ಣು, ಮೀಟರಿನಲ್ಲಿ ಕಾಣುವುದು ಫ್ಯಾನಿನ ಅಲ್ಪ ಬಳಕೆ. ಸುರಂಗದ ಪ್ರವೇಶ ಮತ್ತು ನಿರ್ಗಮದ ಉಷ್ಣತೆ, ಗಾಳಿಯ ವೇಗ, ಮಣ್ಣಿನ ತೇವ ಇವುಗಳಿಗೆ ಅದನ್ನು ಹೊಂದಿಸಬೇಕಾಗುತ್ತದೆ.

ಜೋರ್‌ಬಾಗ್ ಸಮೀಪದಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ನಿರ್ಮಿಸಿ, 2014ರ ಫೆಬ್ರವರಿ 25ರಂದು ಉದ್ಘಾಟನೆಯಾದ ಇಂದಿರಾ ಪರ್ಯಾವರಣ ಭವನವು ಕೇಂದ್ರ ಪರಿಸರ ಸಚಿವಾಲಯದ ನೆಲೆ. ಛಾವಣಿಯ 930 ಕಿಲೋವಾಟ್ ಸೌರಫಲಕಗಳ ವಾರ್ಷಿಕ ಉತ್ಪಾದನೆಯಿಂದ ಕಟ್ಟಡದ ವಾರ್ಷಿಕ ಬಳಕೆಯನ್ನು ಸರಿದೂಗಿಸುವುದು ಅದರ ವಿನ್ಯಾಸದ ಗುರಿಯಾಗಿತ್ತು. ಗಾಳಿಯ ಬದಲು ತಣ್ಣೀರನ್ನೇ ಕೋಣೆಗಳ ಮೇಲ್ಭಾಗದವರೆಗೆ ಒಯ್ಯುವ ಶೀತಲ ತೊಲೆಗಳೂ, ಶಾಖವನ್ನು ಭೂಮಿಗೆ ಬಿಡುವ ಭೂಶಾಖ ವಿನಿಮಯ ವ್ಯವಸ್ಥೆಯೂ ಅಲ್ಲಿವೆ. ಬಳಕೆಯೂ ಉತ್ಪಾದನೆಯೂ ಸಮವಾಗಬೇಕೆಂಬ ಕಟ್ಟಡದಲ್ಲಿ ಅಂಶಾಂಕನಕ್ಕೆ ದೊರೆಯುವ ಅವಕಾಶ ಬಹಳ ಕಿರಿದು; ಬಳಕೆಯ ಮುನ್ಸೂಚನೆಯಲ್ಲಿ ಶೇಕಡ 5ರ ತಪ್ಪು ಮಾರ್ಗಸೂಚಿಗೆ ಸಮ್ಮತವಾದರೂ ಸಮತೋಲವನ್ನು ಕೆಡಿಸಲು ಅಷ್ಟೇ ಸಾಕು. ಸೌರಫಲಕಗಳ ಮೇಲೆ ಕೂರುವ ದೆಹಲಿಯ ಧೂಳನ್ನೂ, ಚಳಿಗಾಲದ ಮಂಜನ್ನೂ ಉತ್ಪಾದನೆಯ ಮಾದರಿಯಲ್ಲಿ ಪ್ರತ್ಯೇಕವಾಗಿ ಹೊಂದಿಸಬೇಕಾಗುತ್ತದೆ.

ಇಂದಿನ ಸ್ಥಿತಿ

ಶಕ್ತಿಸಂರಕ್ಷಣಾ ಅಧಿನಿಯಮಕ್ಕೆ 2022ರಲ್ಲಿ ತಿದ್ದುಪಡಿಯಾಗಿ, ಅದರ ಅನುಸಾರವಾಗಿ 2024ರಲ್ಲಿ ಶಕ್ತಿಸಂರಕ್ಷಣೆ ಮತ್ತು ಸುಸ್ಥಿರ ಕಟ್ಟಡ ಸಂಹಿತೆ ಪ್ರಕಟವಾಗಿದೆ. 2012ರಿಂದ 2017ರವರೆಗೆ ಅಹ್ಮದಾಬಾದಿನ ಸೆಪ್ಟ್ ವಿಶ್ವವಿದ್ಯಾನಿಲಯವೂ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವೂ ಮುಂದಾಳುಗಳಾಗಿ ನಡೆಸಿದ ಭಾರತ-ಅಮೆರಿಕ ಜಂಟಿ ಸಂಶೋಧನಾ ಕೇಂದ್ರದ ಕಾರ್ಯದಿಂದ ಅನುಕರಣೆಯ ಜ್ಞಾನ ದೇಶದಲ್ಲಿ ವಿಸ್ತರಿಸಿದೆ. ಹೀಗಿದ್ದರೂ ಅಂಶಾಂಕನವು ಸಂಶೋಧನಾ ಪ್ರಬಂಧಗಳಲ್ಲಿಯೂ ದೊಡ್ಡ ಕಟ್ಟಡಗಳ ಲೆಕ್ಕಪರಿಶೋಧನೆಗಳಲ್ಲಿಯೂ ಕಾಣುವಷ್ಟು ಸಾಮಾನ್ಯ ವೃತ್ತಿಯಲ್ಲಿ ಕಾಣುವುದಿಲ್ಲ. ವಿನ್ಯಾಸಕಾಲದ ಮಾದರಿಯು ಅನುಮೋದನೆ ದೊರೆತ ಕೂಡಲೇ ಕಡತ ಸೇರಿ, ಕಟ್ಟಡ ತೆರೆದ ಮೇಲೆ ಬಿಲ್ಲಿನ ಎದುರು ನಿಲ್ಲದೆ ಹೋಗುವುದು ಈ ವಿದ್ಯೆಯ ದೊಡ್ಡ ನಷ್ಟ.

ಸ್ಮಾರ್ಟ್ ಮೀಟರುಗಳ ಪ್ರಸಾರದಿಂದ ಅರ್ಧ ಗಂಟೆಗೊಮ್ಮೆ ಬಳಕೆಯ ದಾಖಲೆ ದೊರೆಯುವಂತಾಗಿ, ಮಾಸಿಕ ಬಿಲ್ಲಿನಲ್ಲಿ ಅಡಗಿದ್ದ ರಾತ್ರಿಯ ಮೂಲಬಳಕೆಯೂ ಬೆಳಗಿನ ಆರಂಭದ ಏರಿಕೆಯೂ ಪ್ರತ್ಯಕ್ಷವಾಗುತ್ತವೆ. ಕಚೇರಿಗಳಿಗಿಂತ ಕ್ಲಿಷ್ಟವಾದ ಕ್ಷೇತ್ರ ವಾಸಗೃಹಗಳದು. ಅಲ್ಲಿ ಮೇ ತಿಂಗಳಲ್ಲಿ ಖಸ್ ಪಟ್ಟಿಗಳ ಕೂಲರು, ಜುಲೈಯಲ್ಲಿ ಎಸಿ, ಉಳಿದ ಕಾಲದಲ್ಲಿ ತೆರೆದ ಕಿಟಕಿ ಮತ್ತು ಛಾವಣಿ ಫ್ಯಾನು ಎಂಬ ಕ್ರಮದಲ್ಲಿ ತಂಪಿನ ಸಾಧನವೇ ಋತುವಿನೊಡನೆ ಬದಲಾಗುತ್ತದೆ. ಸೆಪ್ಟ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸ್ಥಾನ ಪಡೆದ ಹೊಂದಾಣಿಕೆಯ ಸೌಖ್ಯಮಾದರಿಯು ಜನರು ಯಾವ ಉಷ್ಣತೆಯನ್ನು ಸಹ್ಯವೆಂದು ಭಾವಿಸುತ್ತಾರೆಂಬುದನ್ನು ಹೊರಗಿನ ಹವೆಗೆ ಸಂಬಂಧಿಸಿ ತಿಳಿಸುತ್ತದೆ. ಯಾವ ಗಳಿಗೆಯಲ್ಲಿ ಕೂಲರನ್ನು ಆರಿಸಿ ಎಸಿಯನ್ನು ಹಚ್ಚುತ್ತಾರೆಂಬುದನ್ನು ಅದು ತಿಳಿಸುವುದಿಲ್ಲ. 14ನೆಯ ಮಾರ್ಗಸೂಚಿಯ ಮಿತಿಗಳು ಶಕ್ತಿಬಳಕೆಯನ್ನು ಉದ್ದೇಶಿಸಿದವಾದುದರಿಂದ, ಇಂಥ ಮನೆಗಳ ಮಾದರಿಗಳನ್ನು ಕೋಣೆಯ ಉಷ್ಣತೆ, ಆರ್ದ್ರತೆ ಮತ್ತು ಸಾಧನಗಳು ನಡೆದ ಗಂಟೆಗಳಿಗೆ ಒಟ್ಟಿಗೆ ಹೊಂದಿಸುವ ಕಾರ್ಯವು ಸಂಶೋಧಕರ ಕೈಯಲ್ಲಿ ಈಗ ನಡೆಯುತ್ತಿದೆ.